ಗಿಟಾರ್ ಆಂಪ್‌ನ ಗುಂಯ್ ಸದ್ದು ಮತ್ತು ಪ್ಲಗ್‌ನ ದಪ್ಪ ಪಿನ್

ಗಿಟಾರ್‌ನ ತಂತಿಯ ಮೇಲೆ ಕೈ ಇಟ್ಟಾಗ ಆಂಪ್‌ನ (ಆಂಪ್ಲಿಫೈಯರ್, ಗಿಟಾರ್‌ನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ) ಗುಂಯ್ ಸದ್ದು ತುಸು ಇಳಿದರೆ ಗಾಬರಿ ಬೇಡ, ಅದು ಗಿಟಾರ್‌ನ ಸಹಜ ಗುಣ. ಆದರೆ ಆಂಪ್‌ನ ಲೋಹದ ಭಾಗಕ್ಕೆ ಬೆರಳು ತಾಗಿದಾಗ ಜುಮ್ಮೆಂದರೆ ಮೊದಲು ಪ್ಲಗ್ಗನ್ನು ಅನುಮಾನಿಸಬೇಕು. ಪ್ಲಗ್‌ನ ದಪ್ಪ ಪಿನ್ ಮೂಲಕ ನೆಲಕ್ಕೆ ಸೇರುವ ಸಂಪರ್ಕ, ಅಂದರೆ ಅರ್ತ್, ಸಿಗದ ಚಾಸಿ (ಆಂಪ್‌ನ ಲೋಹದ ಚೌಕಟ್ಟು) ಗಾಳಿಯಲ್ಲಿ ತೇಲುವ ಲೋಹದಂತೆ. ಒಳಗಿನ ಟ್ರಾನ್ಸ್‌ಫಾರ್ಮರ್ ಮತ್ತು ಕರೆಂಟು ಒಳಬರುವ ದಾರಿಯ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಅದರ ಮೇಲೆ ವೋಲ್ಟೇಜ್ ಬಂದು ಕೂರುತ್ತದೆ. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಅದೇ ಚಾಸಿಗೆ ಸೇರಿರುವುದರಿಂದ ನಿಮ್ಮ ಬೆರಳುಗಳೂ ಆ ಲೆಕ್ಕಕ್ಕೆ ಬಂದವು.

ಅರ್ತ್ ಎಲ್ಲ ಗದ್ದಲಕ್ಕೂ ಮದ್ದಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. ಆರನೆಯ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 98 ಹರ್ಟ್ಸ್. ಅದನ್ನು ನುಡಿಸಿ ಹೋಲಿಸಿ: ಗುಂಯ್ ಸದ್ದು ಅದಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ಆಂಪ್‌ನೊಳಗೆ ಆ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಮುದಿಯಾಗಿರಬಹುದು, ಪ್ಲಗ್ ಬದಲಿಸಿ ಉಪಯೋಗವಿಲ್ಲ. ಗಿಟಾರ್ ಹಿಡಿದು ನಿಂತಲ್ಲೇ ತಿರುಗಿದಾಗ ಸದ್ದು ಏರಿ ಇಳಿದರೆ ಅದು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಗ್ರಹಿಸುವ, ಒಂದೇ ಸುರುಳಿಯ ಭಾಗ) ಹಿಡಿಯುತ್ತಿರುವ ಕಾಂತಕ್ಷೇತ್ರ, ಅದಕ್ಕೂ ಅರ್ತ್‌ಗೂ ಸಂಬಂಧವಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಮನೆ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಝರ್ ಎಂದರೆ ದೋಷ ಇನ್ವರ್ಟರ್‌ನ ಚೌಕ ಅಲೆಯದು.

ಎಡ ಯಾವುದು, ಬಲ ಯಾವುದು

ಆಂಪ್‌ನ ವೈರಿಗೆ ಮೂರು ಪಿನ್ ಪ್ಲಗ್ ಜೋಡಿಸುವ ಇಡೀ ಕೆಲಸದಲ್ಲಿ ತಲೆ ಕೆಡಿಸುವುದು ಇದೊಂದೇ. ಗೋಡೆಯ ಸಾಕೆಟ್‌ಗೆ ಎದುರಾಗಿ ನಿಂತರೆ ಮೇಲಿನ ದಪ್ಪ ರಂಧ್ರ ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಪ್ಲಗ್ಗನ್ನು ಕೈಗೆತ್ತಿಕೊಂಡು ಪಿನ್‌ಗಳನ್ನು ನಿಮ್ಮ ಮುಖದ ಕಡೆ ತಿರುಗಿಸಿದ ಕೂಡಲೇ ಇದು ಅದಲು ಬದಲಾಗುತ್ತದೆ: ಈಗ ಫೇಸ್ ಎಡಗಡೆ. ಚಿತ್ರ ನೋಡಿ ಜೋಡಿಸುವವರು ಎಡವುವುದು ಇಲ್ಲಿಯೇ, ಏಕೆಂದರೆ ಕೆಲವು ಚಿತ್ರಗಳು ಪಿನ್ ಕಡೆಯಿಂದ ಬರೆದವು, ಕೆಲವು ಸ್ಕ್ರೂ ಕಡೆಯಿಂದ.

ನಾನು ಈಗ ಚಿತ್ರವನ್ನು ನೋಡುವುದೇ ಇಲ್ಲ. ಮುಚ್ಚಳ ತೆಗೆದ ಪ್ಲಗ್ಗನ್ನು ಸಾಕೆಟ್‌ಗೆ ಚುಚ್ಚಲು ಹೊರಟವನಂತೆ ಹಿಡಿಯುತ್ತೇನೆ: ಪಿನ್‌ಗಳು ಗೋಡೆಯ ಕಡೆ, ದಪ್ಪ ಪಿನ್ ಮೇಲೆ, ಸ್ಕ್ರೂಗಳು ನನ್ನ ಕಡೆ. ಈಗ ಸಾಕೆಟ್‌ನ ಬಲವೇ ಪ್ಲಗ್‌ನ ಬಲ. ಮೇಜಿನ ಮೇಲೆ ಇಟ್ಟು ಕೆಲಸ ಮಾಡುವಾಗಲೂ ಪಿನ್‌ಗಳು ಮೇಜಿನ ಕಡೆ, ವೈರು ಹೊರಬರುವ ಬಾಯಿ ನನ್ನ ಹೊಟ್ಟೆಯ ಕಡೆ. ಫೇಸ್ ಮತ್ತೆ ಬಲಕ್ಕೇ. ಒಳಗೆ ಎಲ್ (ಫೇಸ್), ಎನ್ (ನ್ಯೂಟ್ರಲ್), ಇ (ಅರ್ತ್) ಅಕ್ಷರಗಳಿದ್ದರೆ ಅವುಗಳೊಂದಿಗೆ ತಾಳೆ ನೋಡಿ. ಹಳೆಯ ಸಾಕೆಟ್‌ಗಳಲ್ಲಿ ಫೇಸ್ ಎಡಕ್ಕೆ ಇರುವುದೂ ಉಂಟು, ಟೆಸ್ಟರ್ ಚುಚ್ಚಿ ಖಚಿತಪಡಿಸಿಕೊಳ್ಳಿ.

ಅದಲು ಬದಲಾದರೂ ಆಂಪ್ ಹಾಡುತ್ತದೆ, ಹಾಗಾಗಿಯೇ ತಪ್ಪು ಗೊತ್ತಾಗುವುದಿಲ್ಲ. ಸ್ವಿಚ್ಚು, ಫ್ಯೂಸು ಎರಡೂ ನ್ಯೂಟ್ರಲ್ ದಾರಿಗೆ ಬೀಳುತ್ತವೆ; ಆಫ್ ಮಾಡಿದ ಮೇಲೂ ಒಳಗೆ ಫೇಸ್ ಜೀವಂತವಾಗಿರುತ್ತದೆ.

ಇದರ ಮೇಲೆ ಬಣ್ಣಗಳ ಗೊಂದಲ. ನಮ್ಮ ಹಳೆಯ ವೈರುಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಈಗಿನ ಉಪಕರಣಗಳ ವೈರುಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು–ಹಳದಿ ಪಟ್ಟೆಯದು ಅರ್ತ್. ಅಮೆರಿಕದ ವೈರಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್! ಅಲ್ಲಿಂದ ತಂದ ಆಂಪ್ 120 ವೋಲ್ಟ್‌ನದು; ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕೆಲವು ಸ್ಟೆಪ್‌ಡೌನ್ ಪೆಟ್ಟಿಗೆಗಳು ಅರ್ತನ್ನು ಮುಂದಕ್ಕೆ ದಾಟಿಸುವುದಿಲ್ಲ, ಅದನ್ನೂ ಮಲ್ಟಿಮೀಟರ್‌ನಲ್ಲಿ ನೋಡಬೇಕು. ಎರಡು ಪಿನ್‌ನ ಹಳೆಯ ವಾಲ್ವ್ ಆಂಪ್ (ಗಾಜಿನ ಕೊಳವೆಗಳದು) ಆಗಿದ್ದರೆ ಮುಟ್ಟಬೇಡಿ. ಕರೆಂಟಿನ ತಂತಿಯಿಂದ ಚಾಸಿಗೆ ಒಂದು ಕೆಪಾಸಿಟರ್ ಇರಬಹುದು, ಅದನ್ನು ತೆಗೆಯಬೇಕಾಗುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರಬಹುದು. ಅದು ತಿಳಿದವರ ಕೆಲಸ.

ಜೋಡಣೆ

6 ಆಂಪಿಯರ್‌ನ ಮೂರು ಪಿನ್ ಪ್ಲಗ್, ಮೂರು ಕೋರ್‌ನ ವೈರು ಸಾಕು. ಅರ್ತ್ ವೈರನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ, ಯಾರಾದರೂ ಕಾಲಿಗೆ ಸಿಕ್ಕಿಸಿಕೊಂಡು ಎಳೆದರೆ ಕೊನೆಗೆ ಕಿತ್ತುಬರುವುದು ಅದಾಗಿರಲಿ. ಎಳೆಗಳನ್ನು ಹೊಸೆಯಿರಿ, ಬೆಸುಗೆ ಹಾಕಬೇಡಿ, ಸ್ಕ್ರೂ ಒತ್ತಡಕ್ಕೆ ಸೀಸ ನಿಧಾನವಾಗಿ ಸರಿದು ಬಿಗಿ ಸಡಿಲವಾಗುತ್ತದೆ. ಕ್ಲಾಂಪು ಹಿಡಿಯಬೇಕಾದದ್ದು ಹೊರಗಿನ ಕವಚವನ್ನು. ಮುಗಿದ ಮೇಲೆ ಗೋಡೆಗೆ ಚುಚ್ಚುವ ಮೊದಲು ಮೀಟರ್: ದಪ್ಪ ಪಿನ್‌ನಿಂದ ಚಾಸಿಯ ಬರಿ ಲೋಹಕ್ಕೆ ಬೀಪ್ ಬರಬೇಕು, ಉಳಿದೆರಡು ಪಿನ್‌ಗಳಿಂದ ಬರಬಾರದು.

ಗೋಡೆಯ ಆಚೆ

ಪ್ಲಗ್ ಸರಿಯಾದರೂ ಸಾಕೆಟ್‌ನ ಅರ್ತ್ ರಂಧ್ರದ ಹಿಂದೆ ವೈರೇ ಇಲ್ಲದ ಹಳೆಯ ತೋಟದ ಮನೆಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಸಾಕೆಟ್‌ನಲ್ಲಿ ಮೀಟರ್ ಇಟ್ಟರೆ ಫೇಸ್–ನ್ಯೂಟ್ರಲ್, ಫೇಸ್–ಅರ್ತ್ ಎರಡೂ 230 ವೋಲ್ಟ್‌ನ ಹತ್ತಿರ, ನ್ಯೂಟ್ರಲ್–ಅರ್ತ್ ಕೆಲವೇ ವೋಲ್ಟ್ ತೋರಿಸಬೇಕು. ಆದರೆ ಮೀಟರ್ ಎಳೆಯುವ ಕರೆಂಟು ಅತ್ಯಲ್ಪ, ಕೆಟ್ಟ ಅರ್ತ್‌ಗೂ ಅದು 230 ಎಂದೇ ಹೇಳಬಹುದು. ಫೇಸ್–ಅರ್ತ್ ನಡುವೆ 100 ವ್ಯಾಟ್ ಬಲ್ಬು ಹಚ್ಚಿ ನೋಡುವ ಪರೀಕ್ಷೆಯನ್ನು ವೈರ್‌ಮನ್‌ಗೇ ಬಿಡಿ: ಅರ್ತ್ ಕೆಟ್ಟಿದ್ದರೆ ಆ ಹೊತ್ತಿನಲ್ಲಿ ಮನೆಯ ಫ್ರಿಜ್, ಗೀಸರ್‌ಗಳ ಮೈಯೆಲ್ಲ ಷಾಕ್ ಹೊಡೆಯಬಲ್ಲದು. ಸಾಕೆಟ್‌ನೊಳಗೆ ನ್ಯೂಟ್ರಲ್‌ನಿಂದ ಅರ್ತ್‌ಗೆ ತುಂಡು ವೈರು ಹಾಕಿ ‘ಅರ್ತ್ ಬಂತು’ ಎನ್ನುವವರ ಮಾತು ಕೇಳಲೇಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಪೂರ್ತಿ ಫೇಸ್ ನಿಮ್ಮ ಚಾಸಿಗೆ ಬರುತ್ತದೆ.

ಮನೆಯ ಅರ್ತ್ ವೈರು ನೆಲ ಸೇರುವ ಅರ್ತ್ ಗುಂಡಿ ಜೂನ್‌ನಿಂದ ನೆನೆದು ಚೆನ್ನಾಗಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಗಿಡಗಳು ಹೂಮಳೆಗೆ ಕಾಯುವ ಹೊತ್ತಿಗೆ ಇದ್ದಿಲು, ಉಪ್ಪು, ಮಣ್ಣು ಎಲ್ಲ ಒಣಗಿ ರೋಧ ಏರುತ್ತದೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರು ಗುಂಡಿಗೂ ಒಂದು ಕೊಡ ನೀರು ಹೊಯ್ಯಲಿ.

ಪಿನ್ ಮುರಿಯುವ ಉಪಾಯ

ಆಂಪ್, ಆಡಿಯೋ ಮಿಕ್ಸರ್ ಎರಡಕ್ಕೂ ಅರ್ತ್ ಸಿಕ್ಕಿದ ಮೇಲೆ ಅವನ್ನು ಕೇಬಲ್‌ನಿಂದ ಜೋಡಿಸಿದರೆ ಹೊಸ ಗುಂಯ್ ಹುಟ್ಟಬಹುದು. ಇದು ಗ್ರೌಂಡ್ ಲೂಪ್: ಎರಡರ ಅರ್ತ್ ಮತ್ತು ಕೇಬಲ್ ಸೇರಿ ಆಗುವ ಸುತ್ತು. ದಪ್ಪ ಪಿನ್ ಕತ್ತರಿಸಿದರೆ ಸದ್ದು ನಿಲ್ಲುತ್ತದೆ ನಿಜ, ಅದರ ಜೊತೆಗೆ ರಕ್ಷಣೆಯೂ ಹೋಗುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕ್‌ನಿಂದ ಷಾಕ್ ಹೊಡೆದು ಸತ್ತರು. ಮೊದಲು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಸಾಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಆಂಪ್ ಮತ್ತು ಮಿಕ್ಸರ್ ನಡುವೆ ಕೂರುವ ಸಣ್ಣ ಪೆಟ್ಟಿಗೆ) ತನ್ನಿ. ಅದರ ಗ್ರೌಂಡ್ ಲಿಫ್ಟ್ ಸ್ವಿಚ್ಚು ಬಿಡಿಸುವುದು ಆಡಿಯೋ ಕೇಬಲ್‌ನ ಗ್ರೌಂಡನ್ನು ಮಾತ್ರ. ಪ್ಲಗ್‌ನ ಅರ್ತ್ ಇದ್ದಂತೆಯೇ ಇರುತ್ತದೆ.