ಬಾಣದ ಗುರುತಿನ ಗಾಡಿಗೆ ಆರ್‌ಸಿ ಎಲ್ಲಿಂದ ಬಂತು?

ಸೇನೆಯಲ್ಲಿರುವಷ್ಟು ದಿನ ಮಿಲಿಟರಿ ಲಾರಿಗೆ ಆರ್‌ಟಿಒ ಕೊಟ್ಟ ಆರ್‌ಸಿ ಇರುವುದಿಲ್ಲ. ಮೇಲಕ್ಕೆ ಮುಖ ಮಾಡಿದ ಬಾಣ, ವರ್ಷದ ಎರಡು ಅಂಕಿ, ಒಂದು ಅಕ್ಷರ, ಕ್ರಮಸಂಖ್ಯೆ, ಕೊನೆಗೊಂದು ಅಕ್ಷರ: ಅದರ ಗುರುತು ಇಷ್ಟೇ. ಯೂನಿಟ್‌ಗಳಲ್ಲಿ ಇದನ್ನು ಬಿಎ ನಂಬರ್ ಎನ್ನುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 60 ಈ ಪ್ರತ್ಯೇಕ ನೋಂದಣಿಗೆ ಅವಕಾಶ ಕೊಡುತ್ತದೆ. ಗಾಡಿ ಸರ್ಕಾರದ ಕೈಬಿಟ್ಟು ಹೋದರೆ ಬೇರೆಲ್ಲ ವಾಹನಗಳಂತೆ ಸೆಕ್ಷನ್ 39 ಮತ್ತು 40ರ ಪ್ರಕಾರ ನೋಂದಣಿ ಆಗಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಇಪ್ಪತ್ತು ಮೂವತ್ತು ವರ್ಷ ದುಡಿದ ಲಾರಿ, ಆರ್‌ಟಿಒ ಕಣ್ಣಿಗೆ ಹರಾಜಾದ ಮೇಲೆ ಹುಟ್ಟಿದ ಕೂಸು.

ಈ ಎರಡು ಬದುಕುಗಳ ನಡುವೆ ಇರುವ ಒಂದೇ ಸೇತುವೆ ಸೇಲ್ ಲೆಟರ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮ, ಸೇನೆಯಿಂದ ಬಂದ ಗಾಡಿಗೆ ಸಂಬಂಧಪಟ್ಟ ಅಧಿಕಾರಿಗಳ ಮೂಲ ಮಾರಾಟ ಪತ್ರವನ್ನೇ ಕೇಳುತ್ತದೆ. ಜೆರಾಕ್ಸ್ ನಡೆಯುವುದಿಲ್ಲ. ಹಳೆ ಮಿಲಿಟರಿ ಗಾಡಿಗಳ ಲೋಕದಲ್ಲಿ ನಡೆದ ಅಪ್ರಾಮಾಣಿಕತೆಯೆಲ್ಲ ಹೆಚ್ಚುಕಡಿಮೆ ಈ ಒಂದು ಹಾಳೆಯ ಸುತ್ತಲೇ ನಡೆದದ್ದು. ಗಾಡಿ ಒಂದು, ಹಾಳೆ ಇನ್ನೊಂದು. ಒಳ್ಳೆಯ ಪೇಂಟು, ಒಳ್ಳೆಯ ಟಯರು ನೋಡಿ ಗಾಡಿ ಕೊಂಡವರು ಎಷ್ಟೋ ಸಲ ಮೂರು ಗಾಡಿಗಳನ್ನು ಕತ್ತರಿಸಿ ಕಟ್ಟಿದ ಒಂದನ್ನು ಮನೆಗೆ ತಂದಿರುತ್ತಾರೆ. ಇದು ಹೇಗೆ ಶುರುವಾಯಿತು ಎಂಬುದಕ್ಕೆ 1946ಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧ ಮುಗಿದಾಗ ಬಂಗಾಳ, ಅಸ್ಸಾಂ, ಬರ್ಮಾ ಗಡಿಯಲ್ಲಿ ಮಿತ್ರಪಡೆಗಳ ಗಾಡಿಗಳು ರಾಶಿ ಬಿದ್ದಿದ್ದವು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧಕಾಲದಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಕೆನಡಾದ ಫೋರ್ಡ್, ಶೆವ್ರೊಲೆ ಕಾರ್ಖಾನೆಗಳು ಬ್ರಿಟಿಷ್ ಕಾಮನ್‌ವೆಲ್ತ್ ಸೇನೆಗಳಿಗೆಂದು 4 ಲಕ್ಷಕ್ಕೂ ಮಿಕ್ಕಿ ಲಾರಿ ಕಟ್ಟಿದ್ದವು. ಅವಕ್ಕೆ ಚಪ್ಪಟೆ ಮೂತಿ, ಒಳಕ್ಕೆ ಬಾಗಿದ ಮುಂಗಾಜು. 1946ರ ಮೇ ತಿಂಗಳಲ್ಲಿ ಅಮೆರಿಕ ಮತ್ತು ಭಾರತ ಸರ್ಕಾರಗಳ ನಡುವೆ ಮಿಕ್ಕ ಯುದ್ಧಸಾಮಗ್ರಿಯ ಲೆಕ್ಕ ಚುಕ್ತಾ ಮಾಡುವ ಒಪ್ಪಂದವಾಯಿತು. ಮಾಲು ಇಲ್ಲೇ ಉಳಿಯಿತು, ಹರಾಜಿಗೆ ಬಂತು. ‘ಡಿಸ್ಪೋಸಲ್ ಗಾಡಿ’ ಎಂಬ ಮಾತು ನಮ್ಮ ಬಾಯಿಗೆ ಬಂದದ್ದು ಆ ಕಾಲದಲ್ಲಿ. ಮಲೆನಾಡು, ಕೊಡಗಿನ ಕೂಪುಗಳಲ್ಲಿ ನಾಟಾ ಎಳೆಯಲು, ಕಾಫಿ ತೋಟದ ಏರುದಾರಿಗೆ ಇಂಥ ಗಾಡಿಗಳೇ ಒದಗಿದವು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಬೇರೆ ವಾಹನ ಆಗ ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಬಿಡಿಭಾಗವೂ ಸಿಗುತ್ತಿರಲಿಲ್ಲ. ಒಂದು ಜೀಪು ಓಡಬೇಕಾದರೆ ಇನ್ನೊಂದನ್ನು ಬಿಚ್ಚಲೇಬೇಕಾಗಿತ್ತು. ಅದನ್ನು ಮೋಸ ಎನ್ನಲಾಗದು. ಅದು ಹೊಟ್ಟೆಪಾಡಿನ ಕೆಲಸ.

ಮೋಸ ಯಾವುದು ಎಂಬುದು ಗಾಡಿಯ ತಳದ ಚೌಕಟ್ಟಾದ ಚಾಸಿಯ ಮೇಲೆ ಕಾಣುತ್ತದೆ. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಮುಂದಿನ ಅಡ್ಡಪಟ್ಟಿ ದುಂಡು ಪೈಪು, ಫೋರ್ಡ್ ಜಿಪಿಡಬ್ಲ್ಯುನಲ್ಲಿ ಅದು ಬೋರಲು ಹಾಕಿದ ತೊಟ್ಟಿಯಾಕಾರ. ವಿಲ್ಲಿಸ್‌ನ ನಂಬರು ಎಡಚಾಸಿಯ ಮುಂತುದಿಯ ಒಳಮೈಗೆ ರಿವೆಟ್ ಹೊಡೆದ ಸಣ್ಣ ತಗಡಿನಲ್ಲಿದೆ. ಫೋರ್ಡ್‌ನದು ಎಡಚಾಸಿಯ ಮೇಲ್ಮೈಗೇ ಕೊರೆದದ್ದು. ಫೋರ್ಡ್‌ನಲ್ಲಿ ಕಾರ್ಖಾನೆಯಿಂದ ಹೊರಟಾಗ ಎಂಜಿನ್ ನಂಬರು, ಚಾಸಿ ನಂಬರು ಎರಡೂ ಒಂದೇ. ವಿಲ್ಲಿಸ್‌ನಲ್ಲಿ ಹಾಗಲ್ಲ, ಅಲ್ಲಿ ಮೊದಲಿಂದಲೂ ಬೇರೆ ಬೇರೆ. ಆದ್ದರಿಂದ ‘ಎರಡೂ ನಂಬರು ಒಂದೇ ಇದೆ ನೋಡಿ, ಒರಿಜಿನಲ್ಲು’ ಎಂದು ಯಾರಾದರೂ ವಿಲ್ಲಿಸ್ ತೋರಿಸಿದರೆ ಅಲ್ಲೇ ಎಚ್ಚರಾಗಬೇಕು. ಸೇನೆಯ ವರ್ಕ್‌ಶಾಪ್‌ಗಳು ಎಂಜಿನ್ ಬದಲಿಸಿ ಗಾಡಿ ವಾಪಸ್ ಕಳಿಸುವುದು ಮಾಮೂಲಿ. ಎಂಜಿನ್ ಬೇರೆಯಾಗಿದ್ದರೆ ಅದು ಇತಿಹಾಸ, ಚಾಸಿ ನಂಬರು ಬೇರೆಯಾಗಿದ್ದರೆ ಅದು ಅಪರಾಧ.

ನಂಬರು ನೋಡುವುದಕ್ಕೂ ಕ್ರಮವಿದೆ. ಗ್ರೈಂಡರ್, ಸ್ಯಾಂಡ್ ಬ್ಲಾಸ್ಟ್ ಆ ಜಾಗದ ಹತ್ತಿರ ಸುಳಿಯಬಾರದು. ಪೇಂಟ್ ರಿಮೂವರ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಹಿತ್ತಾಳೆ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಟಾರ್ಚನ್ನು ನೇರವಾಗಿ ಬಿಡದೆ ಕಬ್ಬಿಣಕ್ಕೆ ತಾಗಿಸಿದಂತೆ ಓರೆಯಾಗಿ ಹಿಡಿಯಿರಿ. ಕಾರ್ಖಾನೆಯ ಪಂಚಿನಲ್ಲಿ ಅಂಕಿಗಳ ಆಳ, ಸಾಲು ಒಂದು ಹದದಲ್ಲಿರುತ್ತವೆ. ಕೈಯಲ್ಲಿ ಹೊಡೆದದ್ದರಲ್ಲಿ ಒಂದು ಅಂಕಿ ಮೇಲೆ, ಒಂದು ಕೆಳಗೆ, ಒಂದು ಕಡೆ ಆಳ, ಇನ್ನೊಂದು ಕಡೆ ತೇಲು. ಅದರ ಸುತ್ತ ಒಂದೆರಡು ಇಂಚಿನಾಚೆ ವೆಲ್ಡಿಂಗ್ ಉಬ್ಬನ್ನು ಉಜ್ಜಿ ಚಪ್ಪಟೆ ಮಾಡಿದ ಗುರುತು ಕಂಡರೆ ಆ ತುಂಡು ಬೇರೆ ಗಾಡಿಯಿಂದ ಬಂದದ್ದು. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು, ಸೇಲ್ ಲೆಟರಿನ ನಂಬರಿನ ಜೊತೆ ಒಂದೊಂದೇ ಅಂಕಿ ಹೋಲಿಸಿದ ಮೇಲೆ ಮಾತ್ರ ದುಡ್ಡಿನ ಮಾತು.

ಜಬಲ್‌ಪುರದ ಗಾಡಿಗಳು

ಸ್ವತಂತ್ರ ಭಾರತದ ಸೇನೆ ಯುದ್ಧದ ಉಳಿಕೆಯ ಮೇಲೆ ಬಹುಕಾಲ ಬದುಕಲಾಗಲಿಲ್ಲ. ಜರ್ಮನಿಯ ಮಾನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 1959ರಲ್ಲಿ ಜಬಲ್‌ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಿಂದ ಮೊದಲ ಶಕ್ತಿಮಾನ್ ಲಾರಿ ಹೊರಬಂತು. ಮಾನ್ 415ರ ನಮೂನೆ, ನಾಲ್ಕು ಚಕ್ರದ ಎಳೆತ, ಡೀಸೆಲ್. 1969ರಲ್ಲಿ ಅಲ್ಲೇ ವೆಹಿಕಲ್ ಫ್ಯಾಕ್ಟರಿ ಶುರುವಾಯಿತು. ಶಕ್ತಿಮಾನ್, ನಿಸಾನ್ ಒನ್ ಟನ್ ಲಾರಿ, ಜೋಂಗಾ ಜೀಪು ಮೂರೂ ಅಲ್ಲಿ ತಯಾರಾದವು. ಜೋಂಗಾ ಎಂಬುದು ಜಬಲ್‌ಪುರದ ಆರ್ಡ್‌ನನ್ಸ್ ಮತ್ತು ಗನ್ ಕ್ಯಾರೇಜ್ ಅಸೆಂಬ್ಲಿ ಎಂಬ ಇಂಗ್ಲಿಷ್ ಹೆಸರಿನ ಅಕ್ಷರಗಳಿಂದಾದ ಪದ. ಗಾಡಿ ನಿಸಾನ್ ಪ್ಯಾಟ್ರೋಲ್ ಪಿ60, ಎಂಜಿನ್ 3,956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್. ಶಕ್ತಿಮಾನ್ 1996ಕ್ಕೆ ನಿಂತಿತು, ಜೋಂಗಾ 1999ಕ್ಕೆ. 2019ರಲ್ಲಿ ಮಹೇಂದ್ರ ಸಿಂಗ್ ಧೋನಿ ರಾಂಚಿಯಲ್ಲಿ ಜೋಂಗಾ ಓಡಿಸಿದ ಚಿತ್ರಗಳು ಹರಿದಾಡಿದ ಮೇಲೆ ಸೇನೆಯ ನಂಟಿಲ್ಲದವರಿಗೂ ಆ ಹೆಸರು ತಿಳಿಯಿತು.

ಇವು ದುರಸ್ತಿಗೆ ಲಾಯಕ್ಕಿಲ್ಲ ಎಂದಾಗ ಲಾಟು ಲಾಟಾಗಿ ಹರಾಜಾದವು. ಮೊದಲು ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯ ನೋಡಿಕೊಳ್ಳುತ್ತಿದ್ದ ಈ ಕೆಲಸ ಬರಬರುತ್ತಾ 1964ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿಗೆ ಬಂತು. ಆ ನಿರ್ದೇಶನಾಲಯವನ್ನೇ 2017ರಲ್ಲಿ ಮುಚ್ಚಿದರು. ಪಶ್ಚಿಮ ಬಂಗಾಳದ ಪಾನಾಗಢ, ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗಳು, ಹರಿಯಾಣದ ಮಂಡಿ ಡಬ್ವಾಲಿಯ ಜೀಪ್ ಬಜಾರು ಬೆಳೆದದ್ದು ಇದೇ ಮಾಲಿನ ಮೇಲೆ.

ಹರಾಜಿನ ಪಟ್ಟಿಯಲ್ಲಿ ಕೊಳ್ಳುವವರು ಮೊದಲು ಓದಬೇಕಾದ್ದು ಬೆಲೆಯನ್ನಲ್ಲ, ಲಾಟಿನ ವಿವರಣೆಯನ್ನು. ಗಾಡಿಯನ್ನು ಗಾಡಿಯಾಗಿ ಮಾರಿದ್ದರೆ ಸೇಲ್ ಲೆಟರ್ ಬರುತ್ತದೆ, ನೋಂದಣಿಯ ದಾರಿ ತೆರೆದಿದೆ. ಸ್ಕ್ರ್ಯಾಪ್ ಎಂದು ಮಾರಿದ್ದರೆ ಅದು ಕಬ್ಬಿಣ. ಎಷ್ಟೇ ಚೆಂದ ಕಂಡರೂ ಅದನ್ನು ರಸ್ತೆಗಿಳಿಸುವ ಪ್ರಾಮಾಣಿಕ ದಾರಿ ಇಲ್ಲ. ಬಿಡಿಭಾಗಕ್ಕೆ, ಅಥವಾ ಅಂಗಳದಲ್ಲಿ ನಿಲ್ಲಿಸಿ ತೋರಿಸುವುದಕ್ಕೆ ಮಾತ್ರ. ‘ಇದ್ದಲ್ಲಿ, ಇದ್ದಂತೆ’ ಎಂಬುದು ಷರತ್ತು, ಆಮೇಲೆ ದೂರು ಕೇಳುವವರಿಲ್ಲ. ಹಾಗಾಗಿ ನೋಡಲು ಬಿಡುವ ದಿನಗಳಲ್ಲಿ ಖುದ್ದಾಗಿ ಹೋಗಿ ನಂಬರಿನ ಅಚ್ಚು ತೆಗೆಯದೆ ಬಿಡ್ ಕೂಗಬಾರದು. ಗೊತ್ತುಪಡಿಸಿದ ದಿನದೊಳಗೆ ಎತ್ತದಿದ್ದರೆ ನೆಲಬಾಡಿಗೆ ಬೀಳುತ್ತದೆ. ಅದನ್ನು ಉಳಿಸಲು ಅವಸರದಲ್ಲಿ ಗ್ಯಾಸ್ ಕಟರ್ ಹಿಡಿದು ತುಂಡು ಮಾಡಿ ಸಾಗಿಸಿದ ಒಳ್ಳೆಯ ಲಾರಿಗಳು ಬಹಳ.

ರಕ್ಷಿತಾರಣ್ಯದ ಅಂಚಲ್ಲೋ ಹಳೆ ಕೂಪಿನಲ್ಲೋ ಬಿದ್ದ ಲಾರಿಯದು ಬೇರೆ ವಿಷಯ. ಯಾರೂ ಕೇಳುತ್ತಿಲ್ಲ ಎಂದ ಮಾತ್ರಕ್ಕೆ ಅದು ಯಾರದೂ ಅಲ್ಲ ಎಂದಾಗುವುದಿಲ್ಲ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಮತ್ತು ಕೊನೆಯ ಮಾಲೀಕರ ಮನೆಯವರ ಸಹಿ, ಎರಡೂ ಸಿಕ್ಕ ಮೇಲೆ ಕೆಲಸ.

ಎತ್ತುವಾಗ, ಬಿಚ್ಚುವಾಗ

ಹತ್ತಾರು ವರ್ಷ ನಿಂತ ಗಾಡಿಯನ್ನು ಜೆಸಿಬಿ ಕಟ್ಟಿ ಎಳೆದರೆ ಮೊದಲು ಹಾಳಾಗುವುದು ಗೇರ್‌ಬಾಕ್ಸು, ಆಕ್ಸಲ್ ಹೌಸಿಂಗು. ಎಂಜಿನ್ನಿನ ಎಳೆತವನ್ನು ಚಕ್ರಗಳ ಕಡೆಗೆ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಬ್ರೇಕ್ ಅಡ್ಜಸ್ಟರ್ ಸಡಿಲಿಸಿ, ಒಂದೊಂದೇ ಚಕ್ರ ಜಾಕಿಯಲ್ಲಿ ಎತ್ತಿ ಕೈಯಲ್ಲಿ ತಿರುಗಿಸಿ ನೋಡಬೇಕು. ಯುದ್ಧಕಾಲದ ಜೀಪಿನ ಎಡಬದಿಯ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್. ಇದು ತಿಳಿಯದೆ ನಾಲ್ಕಡಿ ಪೈಪು ಹಾಕಿ ಜಗ್ಗಿದವರು ಸ್ಟಡ್ ಮುರಿದುಕೊಳ್ಳುತ್ತಾರೆ.

ಆ ಜೀಪಿನ ಮಿಲಿಟರಿ ರಿಮ್ ಎರಡು ಹೋಳು, ಎಂಟು ನಟ್ಟು ಅವನ್ನು ಹಿಡಿದಿವೆ. ಹಬ್ಬಿಗೆ ಹಿಡಿದಿರುವುದು ನಡುವಿನ ಐದು. ಗಾಳಿ ಇರುವಾಗ ಆ ಎಂಟರಲ್ಲಿ ಒಂದನ್ನು ಮುಟ್ಟಿದರೂ ಹೋಳು ಸಿಡಿದು ಜೀವ ಹೋಗುತ್ತದೆ. ವಾಲ್ವಿನ ಪಿನ್ನನ್ನೇ ತೆಗೆದು, ತಂತಿ ತೂರಿಸಿ ದಾರಿ ಕಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಸ್ಪ್ಯಾನರ್. ಲಾರಿಯ ಲಾಕ್ ರಿಂಗ್ ಇರುವ ರಿಮ್ಮಿಗೂ ಇದೇ ಮಾತು. ಗಾಳಿ ತುಂಬುವುದು ಕಬ್ಬಿಣದ ಪಂಜರದೊಳಗಿಟ್ಟೇ.

ಜಾಮಾದ ಎಂಜಿನ್‌ಗೆ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಸುಮಾರು 50 ಮಿಲಿ ಆಟೋಮ್ಯಾಟಿಕ್ ಗೇರ್ ಆಯಿಲ್ ಮತ್ತು ಸೀಮೆಎಣ್ಣೆ ಸಮಸಮ ಬೆರೆಸಿ ಸುರಿದು ಒಂದು ವಾರ ಬಿಡಿ. ನಡುವೆ ಇಳಿದುಹೋದರೆ ಮತ್ತೆ ಹಾಕಿ. ಆಮೇಲೆ ಹ್ಯಾಂಡಲ್ ಹಾಕಿ ಹಿಂದೆ ಮುಂದೆ ಅಲ್ಲಾಡಿಸಬೇಕು, ಒಂದೇ ದಿಕ್ಕಿಗೆ ಒತ್ತಬಾರದು. ಗೇರಿಗೆ ಹಾಕಿ ತಳ್ಳಿದರೆ ರಿಂಗು ಮುರಿಯುತ್ತದೆ. ಜೋಂಗಾದಲ್ಲಿ ವಾಲ್ವು ಮೇಲಿರುವುದರಿಂದ, ಅದು ಅಂಟಿಕೊಂಡಿದ್ದರೆ ಪುಶ್ ರಾಡೂ ಬಾಗುತ್ತದೆ. ತಿರುಗಿತೆಂದು ಕೂಡಲೇ ಸ್ಟಾರ್ಟ್ ಮಾಡುವ ಆಸೆ ಬೇಡ. ಎಂಜಿನ್ನಿನ ಅಡಿಯ ಆಯಿಲ್ ಸಂಪು ಇಳಿಸಿ ತಳದ ಗಸಿ ತೆಗೆಯದೆ ಇಂದಿನ ಡಿಟರ್ಜೆಂಟ್ ಆಯಿಲ್ ಹಾಕಿದರೆ ಗಸಿ ಕರಗಿ ಎದ್ದು ಆಯಿಲ್ ದಾರಿಗಳನ್ನೇ ಮುಚ್ಚುತ್ತದೆ.

ಜೀಪಿನ ಗೇರ್‌ಬಾಕ್ಸಿಗೆ ಸುಮಾರು 0.7 ಲೀಟರ್, ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿಗೆ 1.4 ಲೀಟರ್, ಒಂದೊಂದು ಆಕ್ಸಲ್ಲಿಗೆ 1.2 ಲೀಟರ್ ಆಯಿಲ್ ಸಾಕು. ಜಿಎಲ್-5 ದರ್ಜೆಯ ಗೇರ್ ಆಯಿಲ್ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನುತ್ತದೆ, ಅಲ್ಲಿಗೆ ಜಿಎಲ್-4 ಕೇಳಿ ಹಾಕಿ. ಪೆಟ್ರೋಲ್ ಗಾಡಿಗಳಿಗೆ ಈಗಿನ ದೊಡ್ಡ ಕಷ್ಟ ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಹಳೆ ಪಂಪಿನ ರಬ್ಬರ್ ಡಯಾಫ್ರಾಮ್ ಅದಕ್ಕೆ ಉಬ್ಬಿ ಹರಿಯುತ್ತದೆ, ತಿಂಗಳುಗಟ್ಟಲೆ ನಿಂತರೆ ನೀರು ಹೀರಿ ಟ್ಯಾಂಕ್ ತಳ ತುಕ್ಕು ಹಿಡಿಯುತ್ತದೆ. ವಿಟಾನ್ ರಬ್ಬರಿನ ಡಯಾಫ್ರಾಮ್, ಎಥನಾಲ್ ತಡೆಯುವ ಹೋಸ್ ಹಾಕಿಸಿ. ನಿಲ್ಲಿಸಿಡುವ ಗಾಡಿಯ ಟ್ಯಾಂಕನ್ನು ಖಾಲಿ ಮಾಡಿಯೇ ಇಡಿ.

ಗ್ಯಾರೇಜಿನ ಹುಡುಗರ ವಿಷಯ ಇಲ್ಲಿ ಹೇಳಲೇಬೇಕು. ಹಳೆ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಇರುತ್ತದೆ. ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದುವುದು ನಮ್ಮಲ್ಲಿ ದಿನನಿತ್ಯದ ಅಭ್ಯಾಸ. ಅದು ಆ ಹುಡುಗರ ಶ್ವಾಸಕೋಶಕ್ಕೆ ಇಳಿಯುತ್ತದೆ, ಕಾಯಿಲೆ ಕಾಣುವುದು ಎಷ್ಟೋ ವರ್ಷದ ಮೇಲೆ. ಸೋಪಿನ ನೀರು ಸಿಂಪಡಿಸಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ. ಯುದ್ಧಕಾಲದ ಕೆಲವು ಮೀಟರುಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಬಳಿದಿದ್ದರು. ಈಗ ಅದು ಹೊಳೆಯುವುದಿಲ್ಲ, ಕಂದು ತಿರುಗಿರುತ್ತದೆ. ಸತ್ತದ್ದು ಹೊಳಪು ಮಾತ್ರ. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅಂಥ ಮೀಟರಿನ ಗಾಜು ತೆಗೆಯಬೇಡಿ, ಕೆರೆಯಬೇಡಿ. 2010ರಲ್ಲಿ ಮಾಯಾಪುರಿಯಲ್ಲಿ ಕೋಬಾಲ್ಟ್-60 ಇದ್ದ ಪ್ರಯೋಗಾಲಯದ ಯಂತ್ರವನ್ನು ಗುಜರಿಯವರು ಬಿಚ್ಚಿ ಒಬ್ಬರು ಸತ್ತರು. ಅದರ ಮುಂದೆ ಮೀಟರಿನ ರೇಡಿಯಂ ಬಹಳ ಸಣ್ಣ ಪ್ರಮಾಣದ್ದು, ಆದರೆ ಅಪಾಯ ಕಣ್ಣಿಗೆ ಕಾಣದೆಂಬುದು ಎರಡರಲ್ಲೂ ಒಂದೇ.

ಹೊಸ ನಿಯಮಗಳಲ್ಲಿ ಲಾರಿಗೆ ಜಾಗವಿಲ್ಲ

ಜೋಂಗಾ ಪೆಟ್ರೋಲ್ ಕುಡಿಯುತ್ತದೆಂದು ಅದಕ್ಕೆ ಸಿಕ್ಕಿದ ಡೀಸೆಲ್ ಎಂಜಿನ್ ಕೂರಿಸುವುದು ಹಳೆ ರೂಢಿ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ನ್ನು ಬಿಗಿಯಾಗಿ ಓದಿತು. ಹಿಂದೆಯೇ ಡೀಸೆಲ್ ಕೂತು ಆರ್‌ಸಿಯಲ್ಲಿ ನಮೂದಾದ ಗಾಡಿಯನ್ನು ಹಾಗೇ ಓಡಿಸಬಹುದು. ಆದರೆ ಬಿಚ್ಚಿದ ಮೂಲ ಎಂಜಿನನ್ನು ಗುಜರಿಗೆ ಹಾಕುವುದು ತಪ್ಪು. ಸಿಲಿಂಡರಿಗೆ ಎಣ್ಣೆ ಹೊಯ್ದು, ರಂಧ್ರ ಮುಚ್ಚಿ, ಮರದ ಪೆಟ್ಟಿಗೆಯಲ್ಲಿಟ್ಟರೆ ಮುಂದಿನ ಮಾಲೀಕ ಗಾಡಿಯನ್ನು ಮೊದಲಿನ ರೂಪಕ್ಕೆ ತರಬಲ್ಲ.

2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಬಂತು: 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು, ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ವಿಎ ಅಕ್ಷರಗಳು, ಪ್ರದರ್ಶನ ಮತ್ತು ರ‍್ಯಾಲಿಯಂಥ ಬಳಕೆಗೆ ಮಾತ್ರ. ಸ್ವಾಗತಿಸಬೇಕಾದ ನಿಯಮವೇ. ಆದರೆ ಅದು ದ್ವಿಚಕ್ರ ವಾಹನ ಮತ್ತು ಎಂ1 ವರ್ಗಕ್ಕೆ, ಅಂದರೆ ಪ್ರಯಾಣಿಕ ಕಾರುಗಳ ವರ್ಗಕ್ಕೆ ಸೀಮಿತ. ಕಾರೆಂದು ನೋಂದಣಿಯಾದ ಜೀಪು ಒಳಗೆ ಬರಬಹುದು, ಲಾರಿ ಬರುವುದಿಲ್ಲ. ಜಬಲ್‌ಪುರದಿಂದ ಮೊದಲು ಹೊರಟ ಶಕ್ತಿಮಾನ್‌ಗಳಿಗೆ ಅರವತ್ತು ವರ್ಷ ದಾಟಿದೆ, ವಿಂಟೇಜ್ ಎನ್ನಿಸಿಕೊಳ್ಳುವ ಹಕ್ಕು ಮಾತ್ರ ಅವಕ್ಕಿಲ್ಲ. 2021ರದೇ ಗುಜರಿ ಕೇಂದ್ರಗಳ ನಿಯಮ, 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದು, ಇವೆಲ್ಲ ಹೊಗೆ ತಗ್ಗಿಸಲು ಬಂದವು. ಕಾರ್ಯಾಚರಣೆಗೆ ಬಳಸುವ ಸೇನೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಖಾಸಗಿ ಕೈಗೆ ಬಂದ ಹಳೆ ಲಾರಿಯನ್ನು ಕಾಪಾಡಿಕೊಳ್ಳಲು ಬಯಸುವವರಿಗೆ ಬಾಗಿಲಿಲ್ಲ. ಎನ್ ವರ್ಗದ, ಅಂದರೆ ಸರಕು ವಾಹನಗಳ ವರ್ಗದ, ಲಾರಿಗಳನ್ನೂ, ಸರಕು ಹೊರುವುದಿಲ್ಲವೆಂಬ ಷರತ್ತಿನ ಮೇಲೆ, ವಿಂಟೇಜ್ ನಿಯಮಕ್ಕೆ ಸೇರಿಸಬೇಕು. ಇದು ನ್ಯಾಯವಾದ ಬೇಡಿಕೆ.

ಬಣ್ಣದ ಮಾತು ಉಳಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಯಾವ ಮೋಟಾರು ವಾಹನಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಬಾಣದ ನಂಬರು, ಯೂನಿಟ್ ಗುರುತುಗಳೂ ಹೊರಮೈಯಲ್ಲಿ ಇರಬಾರದು. ಹಾಗೆಂದು ಇಡೀ ಗಾಡಿಯನ್ನು ಕೆರೆದು ಬೆತ್ತಲು ಕಬ್ಬಿಣ ಮಾಡಿದರೆ ಅದರ ಸೇವೆಯ ದಾಖಲೆಯೇ ಅಳಿಯುತ್ತದೆ. ಕೆರೆಯುವ ಮೊದಲು ಬಾನೆಟ್ ಪಕ್ಕ, ಬಾಗಿಲು, ಹಿಂಬದಿಯ ಹಲಗೆಯಲ್ಲಿ ಎರಡಿಂಚು ಚೌಕದಷ್ಟು ಜಾಗವನ್ನು 600ರ ವಾಟರ್ ಪೇಪರಿನಲ್ಲಿ ನೀರು ಹಾಕಿ ತೆಳ್ಳಗೆ ಉಜ್ಜುತ್ತಾ ಬನ್ನಿ. ಮೇಲಿನ ಹಸಿರು, ಅದರಡಿ ಇನ್ನೊಂದು ಹಸಿರು, ಅದರಡಿ ಮರಳಿನ ಬಣ್ಣ, ನಡುವೆ ಎಲ್ಲೋ ಹಳೆ ಬಿಳಿ ಅಂಕಿಯ ಅಂಚು ಕಾಣಬಹುದು. ಕಂಡ ಕೂಡಲೇ ನಿಲ್ಲಿಸಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಸೀಟಿನಡಿ ಅಥವಾ ಟೂಲ್ ಬಾಕ್ಸಿನ ಒಳಮೈಯಲ್ಲಿ ಅಂಗೈಯಗಲ ಮೂಲ ಬಣ್ಣವನ್ನು ಹಾಗೇ ಬಿಟ್ಟು ಮೇಣ ಸವರಿ, ಸೇಲ್ ಲೆಟರಿನ ನಕಲನ್ನೂ ಚಾಸಿ ನಂಬರಿನ ಪೆನ್ಸಿಲ್ ಅಚ್ಚನ್ನೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಅದರ ಪಕ್ಕದಲ್ಲೇ ಇಡಿ.