ಊರ ದೈವ ಬರೆಸಿಕೊಟ್ಟ ಸೋಡಚೀಟಿ ಕೋರ್ಟಿನಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ಆರು ವರ್ಷಗಳ ಹಿಂದೆ ನಮ್ಮ ಊರ ದೈವದವರು (ಊರಿನ ಹಿರಿಯ ಪಂಚರು) ಅಗಸಿ ಕಟ್ಟೆಯ ಮೇಲೆ ಕೂತು ನನಗೂ ನನ್ನ ಹೆಂಡತಿಗೂ ಸೋಡಚೀಟಿ (ಮದುವೆ ಬಿಡಿಸುವ ಕಾಗದ) ಮಾಡಿಸಿದರು. ನೂರು ರೂಪಾಯಿ ಬಾಂಡಿನ ಮೇಲೆ ಐವರು ಪಂಚರ ಸಹಿಯಿದೆ, ನೋಟರಿಯೂ ಆಗಿದೆ. ಈಗ ಮನೆಯಲ್ಲಿ ಬೇರೆ ಹೆಣ್ಣು ನೋಡುತ್ತಿದ್ದಾರೆ. ಈ ಕಾಗದ ಸಾಲದೇ?
(ಗಂಗಾವತಿ ತಾಲ್ಲೂಕಿನ ಓದುಗರು)

ಉತ್ತರ: ಇದೇ ಪ್ರಶ್ನೆ ಸಿಂಧನೂರು, ಕುಷ್ಟಗಿ, ಸಿರುಗುಪ್ಪ ಎಂದು ಊರಿನ ಹೆಸರು ಮಾತ್ರ ಬದಲಿಸಿಕೊಂಡು ಎಷ್ಟು ಸಲ ಬಂದಿದೆಯೆಂದರೆ, ಉತ್ತರವನ್ನು ಅಚ್ಚು ಹಾಕಿಸಿ ಸಂತೆಯಲ್ಲಿ ಹಂಚಿಬಿಡೋಣವೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಸಾಲದು. ಅದೊಂದನ್ನೇ ನಂಬಿ ಇನ್ನೊಂದು ಮದುವೆಯಾಗಬೇಡಿ.

ಹೀಗೆಂದ ಕೂಡಲೇ, ಕೋರ್ಟಿನಲ್ಲಿ ನಮ್ಮ ರೂಢಿಗೆ ಬೆಲೆಯಿಲ್ಲ, ಅಲ್ಲಿರುವುದೆಲ್ಲ ಬ್ರಿಟಿಷರ ಕಾನೂನು ಎಂಬ ಮಾತು ಬಂದೇ ಬರುತ್ತದೆ. ಅದು ಸರಿಯಲ್ಲ. ಕಾನೂನಿನ ಬಲ ಪಡೆದ ರೂಢಿಯನ್ನು ಸಂವಿಧಾನದ 13ನೇ ವಿಧಿ 'ಕಾನೂನು' ಎಂಬ ಪದದೊಳಗೇ ಸೇರಿಸಿದೆ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದಷ್ಟು ಭಾಗ ಮಾತ್ರ ಬಿದ್ದುಹೋಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ ಅಕ್ಷರವನ್ನಷ್ಟೇ ಹಿಡಿದರೆ ಸೋದರಮಾವನಿಗೆ ಅಕ್ಕನ ಮಗಳು ನಿಷಿದ್ಧ ಸಂಬಂಧ. ಆದರೂ ನಮ್ಮ ಓಣಿಗಳಲ್ಲಿ ಕಾಣುವ ಇಂಥ ಮದುವೆಗಳು ಊರ್ಜಿತವಾಗಿ ನಿಂತಿರುವುದು, ಇಬ್ಬರ ರೂಢಿಯೂ ಒಪ್ಪುವುದಾದರೆ ಅಡ್ಡಿಯಿಲ್ಲವೆಂದು ಅದೇ ಕಾಯ್ದೆಯ 5ನೇ ಕಲಮು ಹೇಳಿರುವುದರಿಂದ. ಅಕ್ಕನ ಮಗಳನ್ನೇ ತಂದುಕೊಂಡು ಮೂವತ್ತು ವರ್ಷ ಬಾಳ್ವೆ ಮಾಡಿದ ಹಿರಿಯರೇ ಕೋರ್ಟು ರೂಢಿಯನ್ನು ಒಪ್ಪುವುದಿಲ್ಲವೆಂದು ನನಗೆ ಪಾಠ ಹೇಳಿದ್ದುಂಟು.

ಇದು ಇಂದಿನ ಔದಾರ್ಯವೂ ಅಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲೇ ಕೂತು ಮಿತಾಕ್ಷರವೆಂಬ ಧರ್ಮಶಾಸ್ತ್ರ ಗ್ರಂಥವನ್ನು ಬರೆದ ವಿಜ್ಞಾನೇಶ್ವರನು, ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂಬ ವಚನ ಶಾಸ್ತ್ರದಲ್ಲಿದ್ದರೂ ಲೋಕ ಅದನ್ನು ಒಪ್ಪದಿರುವುದರಿಂದ ಆಚರಿಸಬಾರದೆಂದು ತೀರ್ಮಾನಿಸಿದ್ದಾನೆ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಅವಿಭಕ್ತ ಕುಟುಂಬದ ಆಸ್ತಿಯ ಕಾನೂನು ನಿಂತಿರುವುದೇ ಆ ಗ್ರಂಥದ ಮೇಲೆ. ಸ್ಪಷ್ಟವಾಗಿ ಸಾಬೀತಾದ ರೂಢಿ ಬರೆದಿಟ್ಟ ವಚನಕ್ಕಿಂತ ಮೇಲು ಎಂದು ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಮಧುರೆಯ ಪ್ರಕರಣವೊಂದರಲ್ಲಿ 1868ರಲ್ಲಿಯೇ ಹೇಳಿತ್ತು.

ಸೋಡಚೀಟಿಗೂ ಕಾನೂನಿನಲ್ಲಿ ಜಾಗವಿದೆ. ರೂಢಿಯ ಮೂಲಕ ಮದುವೆಯನ್ನು ಬಿಡಿಸಿಕೊಳ್ಳುವ ಹಕ್ಕಿಗೆ ತನ್ನಿಂದ ಧಕ್ಕೆಯಿಲ್ಲವೆಂದು ಹಿಂದೂ ವಿವಾಹ ಕಾಯ್ದೆಯ 29ನೇ ಕಲಮಿನ ಎರಡನೇ ಉಪಕಲಮು ಹೇಳುತ್ತದೆ. ತೊಡಕಿರುವುದು ಬಾಂಡಿನ ಮೇಲೆ ನಮ್ಮ ಜನಕ್ಕಿರುವ ಅಪಾರ ಭಕ್ತಿಯಲ್ಲಿ.

ನೂರು ರೂಪಾಯಿ ಎಂಬುದು ಸರ್ಕಾರಕ್ಕೆ ಸಂದ ಮುದ್ರಾಂಕ ಶುಲ್ಕ. ಐನೂರರ ಬಾಂಡ್ ತಂದರೆ ಮದುವೆ ಐದು ಪಟ್ಟು ಗಟ್ಟಿಯಾಗಿ ಮುರಿಯುವುದಿಲ್ಲ. ಸಹಿ ಮಾಡಿದವರು ನೀವೇ ಎಂಬುದಕ್ಕೆ ನೋಟರಿಯ ಮುದ್ರೆ ಸಾಕ್ಷಿಯಾಗಬಹುದೇ ಹೊರತು, ನೀವು ಬರೆದದ್ದಕ್ಕೆ ಅದು ಬಲ ತುಂಬುವುದಿಲ್ಲ. ಐವರು ಪಂಚರ ಸಹಿಯಿಂದ ತಿಳಿಯುವುದು ಆ ದಿನ ಅವರು ಕಟ್ಟೆಯ ಮೇಲಿದ್ದರು ಎಂಬುದಷ್ಟೇ. ರೂಢಿಯೆಂದರೆ ದೈವದವರು ಒಂದು ದಿನ ಕೂತು ಆಡಿದ ಮಾತಲ್ಲ. ಒಂದು ಪ್ರದೇಶದಲ್ಲಿ, ಒಂದು ಸಮುದಾಯದಲ್ಲಿ ಅಥವಾ ಮನೆತನದಲ್ಲಿ ಬಹುಕಾಲದಿಂದ ಎಡೆಬಿಡದೆ, ಒಂದೇ ರೀತಿಯಾಗಿ ನಡೆದು ಬಂದು ಕಾನೂನಿನಷ್ಟೇ ಬಲ ಪಡೆದ ನಿಯಮ. ಅದು ಖಚಿತವಾಗಿರಬೇಕು, ವಿವೇಕಕ್ಕೂ ಸಾರ್ವಜನಿಕ ನೀತಿಗೂ ಒಪ್ಪುವಂತಿರಬೇಕು ಎಂದು ಕಾಯ್ದೆಯ 3ನೇ ಕಲಮೇ ವಿವರಿಸಿದೆ.

ಒಮ್ಮೆ ತಾಯಿಯೊಬ್ಬರು ಲ್ಯಾಮಿನೇಶನ್ ಮಾಡಿಸಿದ ಬಾಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಇಬ್ಬರೂ ರಾಜಿಖುಷಿಯಿಂದ ಬಿಟ್ಟಿದ್ದೇವೆ, ಎರಡು ತೊಲೆ ಬಂಗಾರ ಮುಟ್ಟಿದೆ, ಇನ್ನು ಒಬ್ಬರ ತಂಟೆಗೆ ಒಬ್ಬರು ಬರುವುದಿಲ್ಲ ಎಂದೆಲ್ಲ ಅದರಲ್ಲಿತ್ತು. ತಮ್ಮ ಕುಲದಲ್ಲಿ ಹೀಗೆ ಬಿಡಿಸುವ ಪದ್ಧತಿ ಇದೆಯೆಂಬ ಒಂದು ಸಾಲಾದರೂ ಇದೆಯೇ ಎಂದು ಹುಡುಕಿದೆ. ಕುಲದ ಹೆಸರೇ ಇರಲಿಲ್ಲ. ಸಹಿ ಮಾಡಿದವರಲ್ಲಿ ಇಬ್ಬರು ತೀರಿಹೋಗಿದ್ದರು, ಒಬ್ಬರು ದುಡಿಯಲು ಬೆಂಗಳೂರಿಗೆ ಹೋಗಿದ್ದರು. ಕಾಗದವೊಂದು ಮಾತ್ರ ಹೊಳೆಯುತ್ತಿತ್ತು.

ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಇದನ್ನು ಬಿಡಿಸಿ ಹೇಳಿದೆ: ರೂಢಿಯ ವಿಚ್ಛೇದನವು ಸಾಮಾನ್ಯ ನಿಯಮಕ್ಕೆ ಅಪವಾದ, ಆದ್ದರಿಂದ ಅದನ್ನು ನೆಚ್ಚಿಕೊಂಡವರೇ ಆ ರೂಢಿಯನ್ನು ವಾದಪತ್ರದಲ್ಲಿ ಎತ್ತಿ ಸಾಬೀತುಪಡಿಸಬೇಕು. ಅಂದರೆ ನಿಮ್ಮ ಸಮುದಾಯದಲ್ಲಿ ಇಂತಿಂಥವರಿಗೆ ಹಿಂದೆಯೂ ಹೀಗೆಯೇ ಸೋಡಚೀಟಿಯಾಗಿ, ಆಮೇಲೆ ಅವರ ಉಡಿಕೆಯನ್ನು (ಮರುಮದುವೆಯನ್ನು) ಊರು ಒಪ್ಪಿತ್ತು ಎಂದು ಹೆಸರು, ಕಾಲಗಳ ಸಮೇತ ಸಾಕ್ಷಿ ಹೇಳುವವರು ಬೇಕು. ಅಂಥವರು ಸಿಕ್ಕರೆ ಮದುವೆ ಬಿಟ್ಟುಹೋಗಿದೆಯೆಂಬ ಘೋಷಣೆಗಾಗಿ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬಹುದು. ಇಲ್ಲದಿದ್ದರೆ, ಆರು ವರ್ಷದಿಂದ ಬೇರೆಯಾಗಿಯೇ ಇರುವ ನಿಮಗೆ 13-ಬಿ ಕಲಮಿನ ಪರಸ್ಪರ ಒಪ್ಪಿಗೆಯ ವಿಚ್ಛೇದನವೇ ಹತ್ತಿರದ ದಾರಿ. ಅರ್ಜಿಯ ನಂತರ ಕಾಯಬೇಕಾದ ಆರು ತಿಂಗಳನ್ನೂ ತಕ್ಕ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಇವೆರಡನ್ನೂ ಬಿಟ್ಟು ಮದುವೆಯಾದರೆ ಎರಡನೆಯದು ಅಸಿಂಧುವಾಗಬಹುದು, ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯೂ ಆಗಬಹುದು. ನಿಮ್ಮ ಹೆಂಡತಿಗೂ ತಿಳಿಸಿ: ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ, ಆದಾಯದ ಮಿತಿಯಿಲ್ಲ.

ಇಷ್ಟು ಹೇಳಿದ ಮೇಲೆ, ಬಳ್ಳಾರಿ, ರಾಯಚೂರಿನ ಕಡೆಯವರು ಕೇಳಲೇಬೇಕಾಗಿದ್ದೂ ಕೇಳದಿರುವ ಒಂದು ಪ್ರಶ್ನೆಯಿದೆ: ಈ ಕಾಯ್ದೆ ನಮಗೆ ಅನ್ವಯಿಸುತ್ತದೆಯೇ? ಕೇಂದ್ರ ಸರ್ಕಾರ ಬೇರೆಯಾಗಿ ಅಧಿಸೂಚನೆ ಹೊರಡಿಸದ ಹೊರತು ಹಿಂದೂ ವಿವಾಹ ಕಾಯ್ದೆಯಾಗಲಿ, 1956ರ ಉತ್ತರಾಧಿಕಾರ ಕಾಯ್ದೆಯಾಗಲಿ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಅಂದರೆ ಇಲ್ಲಿ ಇಷ್ಟೊಂದು ಸಂಖ್ಯೆಯಲ್ಲಿರುವ ನಾಯಕ ಸಮುದಾಯದವರ ಮಟ್ಟಿಗೆ ಮೇಲೆ ನಾನು ಹೇಳಿದ ಕಲಮುಗಳು ಹಾಗೆಯೇ ಹೊಂದುವುದಿಲ್ಲ; ಅವರಿಗೆ ರೂಢಿಯು ಅಪವಾದವಲ್ಲ, ಅದೇ ಮೂಲ ಕಾನೂನು. ಕುಟುಂಬವು ಹಿಂದೂ ಆಚರಣೆಗಳನ್ನೇ ಪೂರ್ತಿಯಾಗಿ ಅನುಸರಿಸುತ್ತದೆಂದು ಕಂಡುಬಂದ ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು ಹಿಂದೂ ಕಾಯ್ದೆಯನ್ನೇ ಹಚ್ಚಿದ್ದೂ ಉಂಟು, ಹಾಗಾಗಿ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ.

ಹೊಲದ ಪಾಲಿನ ವಿಷಯದಲ್ಲಿ ಇದರ ಬಿಸಿ ತಟ್ಟುವುದು ಹೆಣ್ಣುಮಕ್ಕಳಿಗೆ. ಮಗಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿ ತಾನಾಗಿ ಅವರವರೆಗೆ ಬರುವುದಿಲ್ಲವೆಂಬುದನ್ನೇ ಹಿಡಿದು, ನಮ್ಮಲ್ಲಿ ಕೊಡುವ ರೂಢಿಯಿಲ್ಲವೆಂದು ಅಣ್ಣತಮ್ಮಂದಿರು ಮಾತು ಮುಗಿಸುತ್ತಾರೆ. ಆದರೆ ಛತ್ತೀಸಗಢದ ಬುಡಕಟ್ಟು ಕುಟುಂಬವೊಂದರ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಹೆಣ್ಣನ್ನು ಹೊರಗಿಡುವ ರೂಢಿ ಸಾಬೀತಾಗದಿದ್ದಾಗ ಸಮಾನತೆಯ ತತ್ತ್ವದಂತೆ ಆಕೆಯ ವಾರಸುದಾರರಿಗೆ ಪಾಲು ಸಲ್ಲಬೇಕೆಂದು ಹೇಳಿದೆ. ಕೊಡುವ ರೂಢಿಯಿದೆಯೆಂದು ಅಕ್ಕತಂಗಿಯರು ತೋರಿಸಬೇಕಾಗಿಲ್ಲ. ಕೊಡದಿರುವ ರೂಢಿಯಿದೆಯೆಂದು ಅಣ್ಣತಮ್ಮಂದಿರೇ ತೋರಿಸಬೇಕು.