ಚಿತ್ರದುರ್ಗದ ಅರ್ಕಾವತ್ತು ಎಲ್ಲಿ ಹೋಯಿತು?

‘ಮ್ಯಾಟರ್ ನುಡಿಯಲ್ಲಿದೆಯೋ, ಯೂನಿಕೋಡ್‌ನಲ್ಲಿದೆಯೋ?’ ದಾವಣಗೆರೆಯ ಡಿಟಿಪಿ ಅಂಗಡಿಗಳಲ್ಲಿ ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ಜಗಳೂರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಗ್ನಪತ್ರಿಕೆಯ ಒಕ್ಕಣೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಸಂಕೇತದಲ್ಲಿ ಇರುತ್ತದೆ. ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಬೇಕಾದದ್ದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್. ನಡುವೆ ಒಂದನ್ನು ಇನ್ನೊಂದಾಗಿ ಬದಲಿಸುವ ಕನ್ವರ್ಟರ್. ಅದು ಎಡವಿದರೆ ಬೀಗರ ಊರಿನ ಹೆಸರೇ ಕೆಡುತ್ತದೆ. ಕನ್ನಡವನ್ನು ಕನ್ನಡಕ್ಕೇ ಪರಿವರ್ತಿಸಬೇಕಾದ ಈ ಸ್ಥಿತಿಗೆ ನಾಲ್ಕು ದಶಕಗಳ ಹಿನ್ನೆಲೆಯಿದೆ.

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ 1963ರಲ್ಲಿ ಬಂದ ಆಸ್ಕಿ ಸಂಕೇತದಲ್ಲಿದ್ದದ್ದು 128 ಜಾಗ, ಅದು ಇಂಗ್ಲಿಷಿಗಷ್ಟೇ ಸಾಕಾಯಿತು. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಮಾನಕ 1991ರಲ್ಲಿ ಪ್ರಕಟವಾಯಿತು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ವಿಭಾಗ ಸಿಕ್ಕಿತು. ದಾರಿ ಸಿದ್ಧವಾಗಿತ್ತು, ಆದರೆ ಅದರಲ್ಲಿ ನಡೆಯುವ ಯಂತ್ರಗಳು ಮೇಜಿನ ಮೇಲೆ ಇರಲಿಲ್ಲ. ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ.

ಅಲ್ಲಿಯವರೆಗೆ ಕೆಲಸ ನಿಲ್ಲುವಂತಿರಲಿಲ್ಲ. ಶ್ರೀಲಿಪಿ, ಆಕೃತಿ, ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳೆಲ್ಲ ಒಂದೇ ಉಪಾಯ ಹಿಡಿದವು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ಅಚ್ಚುಮೊಳೆ ಜೋಡಿಸಿದ ಹಾಗೆ, ನುಡಿಯಲ್ಲಿ ‘ಕ’ದ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿದ್ದರೆ ತಲೆಕಟ್ಟು ಬೇರೆಲ್ಲೋ ಇರುತ್ತದೆ. ಪರದೆಯ ಮೇಲೆ ಅಪ್ಪಟ ಕನ್ನಡ, ಫೈಲಿನ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಫೈಲ್ ಹೋದ ಕೂಡಲೇ ಒಳಗಿನದು ಹೊರಬೀಳುತ್ತದೆ.

ಕನ್ವರ್ಟರ್‌ಗೆ ಬರೀ ಒಂದರ ಬದಲು ಇನ್ನೊಂದನ್ನು ಇಟ್ಟರೆ ಸಾಲದು. ‘ಚಿತ್ರದುರ್ಗ’ವನ್ನೇ ನೋಡಿ. ಕಣ್ಣಿಗೆ ಕಾಣುವಂತೆ ಅರ್ಕಾವತ್ತು, ಅಂದರೆ ‘ರ್’ ಅನ್ನು ತೋರಿಸುವ ಗುರುತು, ‘ಗ’ದ ನಂತರ ಬರುತ್ತದೆ, ನುಡಿ ಅದನ್ನು ಹಾಗೆಯೇ ಇಡುತ್ತದೆ. ಉಚ್ಚಾರಣೆಯಲ್ಲಿ ‘ರ್’ ಮೊದಲು, ಯೂನಿಕೋಡ್‌ನಲ್ಲೂ ಅದೇ ಕ್ರಮ. ಹಿಂದುಮುಂದು ಮಾಡಲು ಕನ್ವರ್ಟರ್ ಮರೆತರೆ ದುರ್ಗ ‘ದುಗರ್’ ಆಗುತ್ತದೆ. ‘ಮ’ದ ಕಥೆಯೂ ಹೀಗೆಯೇ. ನುಡಿಯಲ್ಲಿ ಅದು ‘ವ’ಕ್ಕೆ ಇನ್ನೊಂದು ತುಣುಕು ಸೇರಿಸಿದ ರೂಪ. ಮೊದಲು ‘ವ’ವನ್ನು ಬದಲಿಸಿಬಿಟ್ಟರೆ ‘ಮನೆ’ ‘ವುನೆ’ ಆಗುತ್ತದೆ. ಉದ್ದದ ಜೋಡಣೆಯನ್ನು ಮೊದಲು ಹುಡುಕುವುದು ಒಳ್ಳೆಯ ಕನ್ವರ್ಟರ್‌ನ ಲಕ್ಷಣ.

ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೆ ಒಂದೇ ಫಾಂಟ್, ಒಂದೇ ಕೀಲಿಮಣೆ ಕೊಟ್ಟಿತು. ಕೆ.ಪಿ. ರಾವ್ ರೂಪಿಸಿದ ಆ ವಿನ್ಯಾಸದಲ್ಲೇ ನಮ್ಮ ಎಷ್ಟೋ ಆಪರೇಟರ್‌ಗಳ ಬೆರಳು ಪಳಗಿವೆ. ಕಂಪನಿಗೊಂದು ಫಾಂಟ್ ಇದ್ದ ಕಾಲಕ್ಕೆ ಅದು ಬಹುದೊಡ್ಡ ಉಪಕಾರ. ಆಮೇಲೆ ಸರ್ಕಾರವೂ ಯೂನಿಕೋಡ್ ಒಪ್ಪಿತು, ನುಡಿಯೂ ಯೂನಿಕೋಡ್‌ಗೆ ಬಂತು. ಆದರೆ ಪೇಜ್‌ಮೇಕರ್ ಯೂನಿಕೋಡ್ ಕಲಿಯದೆಯೇ ನಿಂತುಹೋಯಿತು, ಅದನ್ನು ನಂಬಿದ ಅಂಗಡಿಗಳೂ ಅಲ್ಲೇ ನಿಂತವು. ಹೊಸ ತಂತ್ರಾಂಶಕ್ಕೆ ದುಡ್ಡು ಬೇಕು, ಕೈ ಪಳಗಲು ಕಾಲ ಬೇಕು. ಎರಡಕ್ಕೂ ಯಾರಾದರೂ ಆಸರೆ ಕೊಟ್ಟಿದ್ದರೆ ಈ ತಾಪತ್ರಯ ಎಂದೋ ಮುಗಿಯುತ್ತಿತ್ತು.

ಯೂನಿಕೋಡ್ ಬಂದ ಮೇಲೂ ಒಂದು ತೊಡಕು ಉಳಿದಿದೆ. ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಸಂಘದ ಸದಸ್ಯರ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಫೈಲಾಗಿ ತಂದು ಎಕ್ಸೆಲ್‌ನಲ್ಲಿ ನೇರ ತೆರೆದರೆ, ಎಷ್ಟೋ ಸಲ ಅದು ಆ ಮೂರನ್ನೂ ಬಿಡಿ ಅಕ್ಷರಗಳೆಂದು ಓದಿ, ತಲೆಯ ಮೇಲೆ ಗೀರಿರುವ ಇಂಗ್ಲಿಷ್ ‘ಎ’ಗಳನ್ನು ಸಾಲಾಗಿ ತೋರಿಸುತ್ತದೆ. ಆಗ ಸೇವ್ ಮಾಡಬಾರದು. ಮುಚ್ಚಿ, ‘ಡೇಟಾ’ ಮೆನುವಿನಿಂದ ಆಮದು ಮಾಡಿಕೊಂಡು ಯುಟಿಎಫ್-8 ಆರಿಸಿದರೆ ಹೆಸರುಗಳು ಸರಿಯಾಗಿ ಬರುತ್ತವೆ. ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸೇವ್ ಆಗಿದ್ದರೆ ಮಾತ್ರ ಆ ಫೈಲಿನಲ್ಲಿ ಮೂಲ ಅಕ್ಷರ ಉಳಿದಿಲ್ಲ.

ನುಡಿಯ ಹಳೆಯ ಫೈಲುಗಳು ಹಾಗಲ್ಲ. ಸ್ಮರಣ ಸಂಚಿಕೆ, ಪ್ರಬಂಧ, ಊರಿನ ಇತಿಹಾಸ ಎಲ್ಲವೂ ಅವುಗಳಲ್ಲಿ ಜೀವಂತವಾಗಿವೆ. ಆದರೆ ಗೂಗಲ್‌ನಲ್ಲಿ ‘ಚಿತ್ರದುರ್ಗ’ ಎಂದು ಹುಡುಕುವ ವಿದ್ಯಾರ್ಥಿಗೆ ಅವು ಸಿಗುವುದಿಲ್ಲ. ಪಿಡಿಎಫ್ ಮಾಡಿ ಹಾಕಿದರೂ ಸಿಗುವುದಿಲ್ಲ, ಅದರೊಳಗೂ ಅದೇ ಇಂಗ್ಲಿಷ್ ತುಣುಕುಗಳಿವೆ. ಅವನ್ನು ಪರಿವರ್ತಿಸಿ, ಕನ್ನಡ ಬಲ್ಲವರು ಒಮ್ಮೆ ಕರಡು ತಿದ್ದಬೇಕು. ಅರ್ಕಾವತ್ತು, ‘ಮ’, ‘ಯ’ ಇರುವ ಕಡೆ ಹೆಚ್ಚು ಎಚ್ಚರ ಬೇಕು. ಮೂಲ ಫೈಲನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಂಡಿದ್ದರೆ, ಇಂದಿನ ಕನ್ವರ್ಟರ್ ತಪ್ಪಿದ್ದನ್ನು ಮುಂದೆ ಬರುವ ಇನ್ನೊಂದರಿಂದ ಸರಿಪಡಿಸಬಹುದು.